ಅಂಟು ಬಿಟ್ಟ ಗೋಡೆ

“ಒಡೀಬೇಡಿ ಸಾರ್. ನೋಡಿ, ಫೋಟೋ ತಗೊಳ್ಳಿ, ಏನು ಬೇಕಾದ್ರೂ ಮಾಡಿ. ಒಡೀಬೇಡಿ ಮಾತ್ರ. ಒಡೆದೋರ ಬೆನ್ನಿಗೆ ಬಿದ್ದು ಹೊರಟುಬಿಡತ್ತೆ ಅದು.”

ಇಸ್ತ್ರಿ ಅಂಗಡಿಯ ಹೆಂಗಸು ಇಷ್ಟು ಹೇಳಿ ಗೋಡೆಯಿಂದ ದೂರ ಸರಿದಳು. ಪೇಂಟ್ ಕಂಪನಿಯಿಂದ ಬಂದಿದ್ದವನು ಚಾಕುವಿನ ಮೊನೆಯನ್ನು ಪ್ಯಾಂಟಿಗೆ ಒರೆಸಿಕೊಂಡು ನಕ್ಕ.

“ಬರ್ಲಿ ಬಿಡಿ ಅಮ್ಮ. ನನ್ನ ಸ್ಕೂಟರಿನ ಹಿಂದಿನ ಸೀಟು ಖಾಲಿ ಹೊಡೀತಾ ಇದೆ.”

ಅವಳು ನಗಲಿಲ್ಲ. ಅವನು ಇನ್ನೊಂದು ಸಲ ನಕ್ಕ, ಅವಳ ಪಾಲಿನದನ್ನೂ ಸೇರಿಸಿ.

ಬಣ್ಣ ಏಳುವುದೇ ಅವನ ಹೊಟ್ಟೆಪಾಡು. ಯಾರ ಮನೆಯ ಗೋಡೆ ಉಬ್ಬಿದರೂ, ಯಾರ ಗೇಟಿಗೆ ಗುಳ್ಳೆ ಎದ್ದರೂ, ದೂರು ಬಂದ ಕೂಡಲೇ ಕಂಪನಿ ಅವನನ್ನು ಅಟ್ಟುತ್ತಿತ್ತು. ಆಫೀಸಿನಲ್ಲಿ ಅವನಿಗೆ ‘ಗುಳ್ಳೆ ಡಾಕ್ಟ್ರು’ ಎಂದೇ ಹೆಸರು. ದೊಡ್ಡ ಡಾಕ್ಟರುಗಳ ಹಾಗೆ ಅವನೂ ರೋಗಿಯ ಮಾತು ಕೇಳುತ್ತಿರಲಿಲ್ಲ, ರೋಗವನ್ನಷ್ಟೇ ನೋಡುತ್ತಿದ್ದ. ಅವನ ಪ್ರಕಾರ ಬಣ್ಣ ಏಳುವುದಕ್ಕೆ ಕಾರಣಗಳು ಕೆಲವೇ. ಗೋಡೆಯ ಒಳಗಿನ ನೀರು. ಒರೆಸದೆ ಬಿಟ್ಟ ಎಣ್ಣೆಜಿಡ್ಡು. ಗಾರೆಯಲ್ಲಿ ಉಳಿದ ಉಪ್ಪು. ಬಿಸಿಲಿಗೆ ಕಾದ ತಗಡಿನ ಮೇಲೆ ಬಳಿಯುವ ದಡ್ಡತನ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಕೋಟು ಒಣಗುವ ಮುಂಚೆ ಎರಡನೆಯದಕ್ಕೆ ಬ್ರಷ್ ಅದ್ದುವ ಅವಸರ. “ಬಣ್ಣಕ್ಕೆ ದೆವ್ವ ಹಿಡಿಯಲ್ಲ, ತೇವ ಹಿಡಿಯತ್ತೆ” ಎನ್ನುವುದು ಅವನ ಮಾತು. ಎಷ್ಟೋ ಮನೆಗಳಲ್ಲಿ ಆಡಿ ಆಡಿ ಅದಕ್ಕೆ ಚೆನ್ನಾಗಿ ಪಾಲಿಶ್ ಬಂದಿತ್ತು.

ಅದು ಅಂಗಡಿಯ ಹಿಂದಿನ ಕೋಣೆ. ಕಿಟಕಿ ಇಲ್ಲ. ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ ಮೂಲೆಯಲ್ಲಿ ಮಡಿಸಿಟ್ಟ ಕಂಬಳಿಯ ಹಾಗೆ ಕೂತಿತ್ತು. ಒಂದು ಬಡಕಲು ಬಲ್ಬು. ಕಾದ ಕಬ್ಬಿಣದ ವಾಸನೆ, ಗಂಜಿಯ ವಾಸನೆ, ಯಾರದೋ ಅಂಗಿಯ ಸುಟ್ಟ ಕಾಲರಿನ ವಾಸನೆ. ಇವೆಲ್ಲದರ ಅಡಿಯಲ್ಲಿ ಇನ್ನೊಂದು ಇತ್ತು. ಬಹಳ ಕಾಲ ಮಾತಾಡದೆ ಮುಚ್ಚಿಟ್ಟ ಬಾಯಿಯ ವಾಸನೆ.

ಗೋಡೆಗೆ ತಿಳಿನೀಲಿ ಬಣ್ಣ. ಅದರ ತುಂಬ ಗುಳ್ಳೆಗಳು, ಸಿಡುಬು ಎದ್ದ ಮೈಯಂತೆ. ಕೆಲವು ಸಾಸಿವೆಯಷ್ಟು, ಕೆಲವು ಕೋಟಿನ ಗುಂಡಿಯಷ್ಟು, ನಡುವೆ ಒಂದು ಮಗುವಿನ ತಲೆಯಷ್ಟು.

“ಒದ್ದೆ ಬಟ್ಟೆ ಎಲ್ಲ ಇಲ್ಲೇ ಹರವ್ತೀರಿ, ಅಲ್ವಾ?”

“ಇಲ್ಲ ಸಾರ್. ಹೊರಗಡೆ.”

“ಎಲ್ರೂ ಹಾಗೇ ಅನ್ನೋದು.”

ಊರಿನವರ ಬಟ್ಟೆಯ ಸುಕ್ಕನ್ನೆಲ್ಲ ನೀವುವ ಹೆಂಗಸಿನ ಮುಖದಲ್ಲಿ ಸುಕ್ಕುಗಳು ಮಡಿಕೆ ಮಡಿಕೆಯಾಗಿ ಕೂತಿದ್ದವು. ಅವುಗಳಿಗೆ ಇಸ್ತ್ರಿಪೆಟ್ಟಿಗೆ ಇನ್ನೂ ಬಂದಿಲ್ಲ. ಅವನು ಬಂದಾಗ ಬಾಗಿಲು ತೆಗೆದವಳು ಕೂತ್ಕೊಳ್ಳಿ ಎನ್ನುವ ಮುಂಚೆಯೇ ಒಂದು ಪ್ರಶ್ನೆ ಕೇಳಿದ್ದಳು: “ಮನೇಲಿ ಯಾರ್ಯಾರಿದ್ದೀರಿ ಸಾರ್?”

“ಯಾರೂ ಇಲ್ಲ. ನಾನೊಬ್ಬನೇ.”

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆಂಡತಿ ತಂಗಿಯ ಮನೆಗೆ ಹೋಗಿ ವರ್ಷ ಕಳೆದಿತ್ತು. ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ಅವಳು ಹೋಗುತ್ತಲೇ ಇರಲಿಲ್ಲ. ಕಂಡವರ ಗೋಡೆಯ ಮುಂದೆ ಮಾತಿನ ಮಲ್ಲನಾದವನು ತನ್ನ ಮನೆಯಲ್ಲಿ ತಾನೇ ಗೋಡೆ. ಜ್ವರ ಬಂದರೂ ಹೇಳುತ್ತಿರಲಿಲ್ಲ, ಅಪ್ಪ ಸತ್ತ ದಿನವೂ ಏನೂ ಹೇಳದೆ ಶೂ ಪಾಲಿಶ್ ಮಾಡುತ್ತ ಕೂತಿದ್ದ. ಇಸ್ತ್ರಿ ಅಂಗಡಿಯ ದೂರು ಬಂದ ವಾರ ಅವಳೇ ಫೋನ್ ಮಾಡಿದ್ದಳು.

“ಭಾನುವಾರ ಸಂಜೆ ಬರ್ತೀನಿ ರೀ. ಇರೋಕೇ ಬರ್ತೀನಿ. ಆದ್ರೆ ಒಂದೇ ಷರತ್ತು. ಬಾಯಿ ಬಿಟ್ಟು ಮಾತಾಡ್ಬೇಕು. ಸಿಟ್ಟಾದ್ರೆ ಸಿಟ್ಟು, ಹೊಟ್ಟೆನೋವಾದ್ರೆ ಹೊಟ್ಟೆನೋವು. ಗೋಡೆ ಜೊತೆ ಸಂಸಾರ ಮಾಡಿ ಸಾಕಾಗಿದೆ ನಂಗೆ. ಆಯ್ತಾ?”

“ಹ್ಞೂಂ.”

“ನೋಡಿ, ಈಗ್ಲೂ ಹ್ಞೂಂ!”

ಅಂದು ನಕ್ಕಿದ್ದಳು. ಅವಳ ನಗು ಎಂದರೆ ಮೆಟ್ಟಿಲ ಮೇಲಿಂದ ಸ್ಟೀಲ್ ಲೋಟಗಳ ಬುಟ್ಟಿ ಉರುಳಿದ ಹಾಗೆ. ದೆವ್ವದ ಸಿನಿಮಾದಲ್ಲಿ ಎಲ್ಲರೂ ಉಸಿರು ಹಿಡಿದಿರುವಾಗ ಅವಳು ಘೊಳ್ಳೆಂದು ನಕ್ಕು, ಹಿಂದಿನ ಸೀಟಿನವರ ಕೈಲಿ ಬೈಸಿಕೊಂಡವಳು. ಆ ನಗು ಇಲ್ಲದ ಮನೆಯಲ್ಲಿ ಅವನು ಫ್ರಿಜ್ಜಿನ ಗುರ್ ಸದ್ದು ಕೇಳುತ್ತ ಊಟ ಮಾಡುತ್ತಿದ್ದ. ಫೋನ್ ಬಂದ ದಿನವೇ ಮಲಗುವ ಕೋಣೆಯ ಗೋಡೆ ಕೆರೆಯಲು ಶುರು ಮಾಡಿದ. ಉಜ್ಜಿದ, ತೊಳೆದ, ಒಣಗಲು ಬಿಟ್ಟ, ಒಂದೊಂದು ಕೋಟಿಗೂ ಕಾದ. ಅವಳಿಗೆ ಇಷ್ಟವಾದ ನಿಂಬೆಹಳದಿ. ಆ ಕೋಣೆಯಲ್ಲಿ ಅವನು ಮಾಡಬೇಕೆಂದಿದ್ದ ಕೆಲಸ ಇನ್ನೊಂದೇ: ಮಾತಾಡುವುದು.

ಇದ್ಯಾವುದನ್ನೂ ಅವನು ಇಸ್ತ್ರಿಯ ಹೆಂಗಸಿಗೆ ಹೇಳಲಿಲ್ಲ. ಹೇಳುವ ಜಾಯಮಾನವೇ ಅಲ್ಲ.

ಗುಳ್ಳೆಯನ್ನು ಒಡೆಯದೆ ಕಾರಣ ಹೇಳುವವನು ಜ್ಯೋತಿಷಿ, ಒಡೆದು ಬೆನ್ನು ನೋಡಿ ಹೇಳುವವನು ಇನ್‌ಸ್ಪೆಕ್ಟರ್. ಗುಳ್ಳೆಯ ಬೆನ್ನಿಗೆ ಗಾರೆಯ ಪುಡಿ ಹತ್ತಿದ್ದರೆ ನೀರು ಗೋಡೆಯ ಹೊಟ್ಟೆಯಿಂದ ಬಂದಿದೆ. ಕೆಳಗಿನ ಕೋಟು ಗೋಡೆಗೇ ಉಳಿದು ಮೇಲಿನದು ಮಾತ್ರ ಎದ್ದಿದ್ದರೆ ಬಿಸಿಲು, ಇಲ್ಲವೆ ಅವಸರ. ಬೆರಳು ಜಾರಿದರೆ ಎಣ್ಣೆ. ಒಳಗಿನ ನೀರು ಉಪ್ಪಾಗಿದ್ದರೆ, ಗಾರೆಯ ಉಪ್ಪು ಹನಿ ಹನಿ ನೀರೆಳೆದುಕೊಂಡು ಬಣ್ಣವನ್ನು ಎತ್ತಿದೆ. ಉಪ್ಪು ನೋಡಲು ಕಂಪನಿ ಕಾಗದದ ಪಟ್ಟಿಗಳನ್ನು ಕೊಟ್ಟಿತ್ತು. ಅವನು ಅವನ್ನು ಚೀಲದಿಂದ ತೆಗೆಯುತ್ತಲೇ ಇರಲಿಲ್ಲ. ಬೆರಳಿಗೆ ಹಚ್ಚಿ ನಾಲಿಗೆಗೆ ಇಡುತ್ತಿದ್ದ. ಹಳೆಯ ಇನ್‌ಸ್ಪೆಕ್ಟರುಗಳ ಕೆಟ್ಟ ಚಾಳಿ ಅದು. ಅದರ ಬಗ್ಗೆ ಅವರಿಗೆ ಒಳಗೊಳಗೇ ಜಂಬ.

ದೊಡ್ಡ ಗುಳ್ಳೆಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಚಾಕು ಅಡ್ಡ ಎಳೆದ, ಉದ್ದ ಎಳೆದ. ಬಣ್ಣ ಹಾಲಿನ ಕೆನೆಯ ಹಾಗೆ ಸುರುಟಿ ನಾಲ್ಕೂ ಕಡೆ ಬಾಗಿತು. ಒಳಗಿಂದ ಗಾಳಿ ಬಂತು. ಸುಮ್ಮನೆ ಬರಲಿಲ್ಲ, ನಿಟ್ಟುಸಿರಿನಂತೆ ಬಂತು. ಗುಳ್ಳೆಯ ಬೆನ್ನಿನಲ್ಲಿ ಪುಡಿ ಇಲ್ಲ, ಕೋಟಿಲ್ಲ, ಜಿಡ್ಡಿಲ್ಲ. ಕಣ್ಣಿನ ರೆಪ್ಪೆಯ ಒಳಮೈಯಷ್ಟು ನಯ, ಅಷ್ಟೇ ಒದ್ದೆ. ಒಂದು ತೊಟ್ಟು ಬೆರಳಿಗೆ ಇಳಿಯಿತು. ನಾಲಿಗೆಗೆ ಇಟ್ಟುಕೊಂಡ.

“ಉಪ್ಪು,” ಅಂದ. “ನೋಡಿದ್ರಾ? ಉಪ್ಪು ತಿಂದೋನು ನೀರು ಕುಡೀಬೇಕು. ಒಂದು ಲೋಟ ನೀರು ಕೊಡಿ ಅಮ್ಮ.”

ಅವಳು ನೀರು ತರಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಹಿಂದೆ, ಗೋಡೆಯ ಉಳಿದ ಗುಳ್ಳೆಗಳೆಲ್ಲ ಒಂದೊಂದಾಗಿ, ಹಾಸಿಗೆ ಬಿಟ್ಟೇಳುವವರಂತೆ ಮೆಲ್ಲಗೆ ಸದ್ದು ಮಾಡುತ್ತ ಕುಸಿದವು. ಗೋಡೆ ಚಪ್ಪಟೆಯಾಯಿತು.

“ಗಾಳಿ ಹೋಗೋಕೆ ದಾರಿ ಆಯ್ತಲ್ಲ, ಅದಕ್ಕೇ,” ಎಂದು ಅವನು ವಿವರಿಸಿದ. ಯಾರೂ ಕೇಳಿರಲಿಲ್ಲ.

“ನಾನು ಹೇಳಿದ್ದೆ ಸಾರ್. ನೀವು ನಕ್ರಿ.” ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ. “ಮರೀಬೇಡಿ, ನಾನು ಹೇಳಿದ್ದೆ.”

ವರದಿಯಲ್ಲಿ ಅವನು ‘ಗಾರೆಯ ಉಪ್ಪು’ ಎಂದು ಬರೆದು ಲಕೋಟೆಗೆ ಅಂಟು ಸವರಿ ಒತ್ತಿದ. ಲಕೋಟೆ ಬಾಯಿ ಬಿಟ್ಟಿತು. ಮತ್ತೆ ಒತ್ತಿದ. ಮತ್ತೆ ಬಿಟ್ಟಿತು. ಸ್ಟೇಪ್ಲರ್ ಹೊಡೆದ. ಮನೆಗೆ ಹೋಗುವ ದಾರಿಯಲ್ಲಿ ಶೂವಿನ ಅಟ್ಟೆ ಬಾಯಿ ತೆರೆದು ಚಪ್ಪರಿಸುತ್ತ ಬಂತು. ಹೆಲ್ಮೆಟ್ಟಿನ ಮೇಲೆ ವರ್ಷಗಟ್ಟಲೆ ಬಿಸಿಲಿಗೆ ಸುಟ್ಟು ಕೂತಿದ್ದ ಕಂಪನಿಯ ಸ್ಟಿಕರು ಸಿಗ್ನಲ್ಲಿನಲ್ಲಿ ಎಲೆಯ ಹಾಗೆ ಉದುರಿತು. ಬೆರಳು ಕೊಯ್ದುಕೊಂಡದ್ದಕ್ಕೆ ಬ್ಯಾಂಡೇಜು ಸುತ್ತಿದರೆ ಅದು ಸುತ್ತಿಕೊಳ್ಳಲು ಒಪ್ಪಲಿಲ್ಲ. ಕನ್ನಡಕದ ಗಾಜು ಚೌಕಟ್ಟಿಗೆ ರಾಜೀನಾಮೆ ಕೊಟ್ಟಿತು. ಈ ಕಾಲದ ಮಾಲೇ ಇಷ್ಟು ಎಂದು ಬೈದುಕೊಂಡ. ಸರ್ಕಾರವನ್ನೂ ಒಂದು ಸಲ ಬೈದ. ಎಲ್ಲದರ ಕಾರಣ ಗೊತ್ತಿರುವವನಿಗೆ ಕಾರಣ ಸಿಗದಿದ್ದಾಗ ಇರುವ ಕೊನೆಯ ಔಷಧಿ ಅದು.

ಶನಿವಾರ ಅನ್ನ ಉಣ್ಣುವಾಗ ಒಂದು ವಿಷಯ ಗಮನಕ್ಕೆ ಬಂತು. ಕಲಸಿದ ಅನ್ನ ತುತ್ತಾಗುತ್ತಿಲ್ಲ. ಅಗುಳು ಅಗುಳಿಗೆ ಹೊಂದಿಕೊಳ್ಳುತ್ತಿಲ್ಲ. ಬೆರಳ ಸಂದಿಯಿಂದ ಮರಳಿನ ಹಾಗೆ ಜಾರುತ್ತಿದೆ. ಅವನು ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದ. ಫ್ರಿಜ್ಜು ಗುರ್ ಅನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಮೋಡ. ಮಲಗುವ ಕೋಣೆಯ ಪರದೆ ಸರಿಸಿದರೂ ಬೆಳಕು ಒಳಗೆ ಬರಲು ಹಿಂದೆಮುಂದೆ ನೋಡುತ್ತಿತ್ತು. ಅವನು ಹೊಸ ಬೆಡ್‌ಶೀಟ್ ಹಾಸಿದ. ಅವಳ ಕಡೆಯ ದಿಂಬನ್ನು ತಟ್ಟಿದ. ಹಿಂದೆ ಎಲ್ಲೋ ಸದ್ದಾಯಿತು.

ಪಿಟ್.

ತಿರುಗಿ ನೋಡಿದ. ನಿಂಬೆಹಳದಿಯ ಗೋಡೆಯಲ್ಲಿ ಸಾಸಿವೆಯಷ್ಟು ಒಂದು.

ಪಿಟ್. ಪಿಟ್.

ತೇವ ಇಲ್ಲ. ಅಳೆದಿದ್ದ. ಎಣ್ಣೆ ಇಲ್ಲ. ತೊಳೆದಿದ್ದ. ಅವಸರ? ಇಲ್ಲವೇ ಇಲ್ಲ. ಜೀವನದಲ್ಲಿ ಮೊದಲ ಸಲ ಅವನು ಅವಸರ ಮಾಡದೆ ಮಾಡಿದ ಕೆಲಸ ಇದು. ಗೋಡೆಯ ಹತ್ತಿರ ಹೋದ. ಹೋದಷ್ಟೂ ಎದ್ದವು. ಹಿಂದೆ ಸರಿದ. ಬೆನ್ನ ಹಿಂದಿನ ಗೋಡೆ ಎದ್ದಿತು. ಬೀರುವಿನ ಹಲಗೆಯ ಮೇಲ್ಪದರ ಬಾಗಿ ಮೇಲೆದ್ದಿತು. ಮದುವೆಯ ಫೋಟೋ ಚೌಕಟ್ಟಿನೊಳಗೇ ಜಾರಿ ತಳದಲ್ಲಿ ಮುದುರಿತು. ಚಾವಣಿ ಎದ್ದಿತು. ಸೀಮೆಸುಣ್ಣದ, ಹಸಿ ಬಣ್ಣದ, ಅದರಡಿಯಲ್ಲಿ ಮುಚ್ಚಿದ ಬಾಯಿಯ ಆ ವಾಸನೆ. ತಲೆದಿಂಬಿನ ಮೇಲಿನ ಗೋಡೆಯಲ್ಲಿ ಒಂದು ಗುಳ್ಳೆ ಬೆಳೆಯುತ್ತಿತ್ತು. ಬಟ್ಟಲಷ್ಟು. ಪಾತ್ರೆಯಷ್ಟು. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಉಸಿರು ಬಿಟ್ಟಾಗ ಅದು ತುಂಬಿಕೊಳ್ಳುತ್ತಿತ್ತು. ಅವನು ಉಸಿರು ಬಿಗಿಹಿಡಿದ.

ಅದೂ ಬಿಗಿಹಿಡಿಯಿತು.

ಅವನು ಓಡಿದ.

ಇಸ್ತ್ರಿ ಅಂಗಡಿ ಭಾನುವಾರವೂ ತೆರೆದಿತ್ತು. ಹಿಂದಿನ ಕೋಣೆಯಲ್ಲಿ ಗೋಡೆ ಈಗ ಕನ್ನಡಿಯಷ್ಟು ನಯ. ಅದಕ್ಕೆ ಒರಗಿ ಹರೆಯದ ಹುಡುಗಿಯೊಬ್ಬಳು ಕೂತಿದ್ದಳು. ಹೆಂಗಸು ಅವಳ ತಲೆ ಬಾಚುತ್ತಿದ್ದಳು. ಬಾಚಣಿಗೆಗಿಂತ ಕೈಯನ್ನೇ ಹೆಚ್ಚು ಆಡಿಸುತ್ತಿದ್ದಳು, ತಲೆಯನ್ನು ಮುಟ್ಟುವುದೇ ಮುಖ್ಯ ಕೆಲಸ ಎನ್ನುವ ಹಾಗೆ. ಅವನನ್ನು ಕಂಡದ್ದೇ ಹುಡುಗಿಯನ್ನು ಹಿತ್ತಲಿಗೆ ಕಳಿಸಿ, ಇಸ್ತ್ರಿ ಮೇಜನ್ನು ನಡುವೆ ಅಡ್ಡ ಎಳೆದುಕೊಂಡಳು.

“ಅಲ್ಲೇ ನಿಂತ್ಕೊಳ್ಳಿ. ಏನನ್ನೂ ಮುಟ್ಬೇಡಿ.”

“ಏನಮ್ಮ ಇದು? ಏನು ಮಾಡಿದ್ರಿ ನಂಗೆ?”

“ನಾನು ಮಾಡಿದ್ದಲ್ಲ. ನಂಗೆ ನಮ್ಮತ್ತಿಗೆಯಿಂದ ಬಂತು. ಅವಳಿಗೆ ಇನ್ಯಾರಿಂದಾನೋ. ಯಾವ ಕಾಲದಲ್ಲೋ ಯಾರೋ ಯಾರದೋ ಮನೆ ಒಡೆಯೋಕೆ ಅಂತ ಮಾಟ ಮಾಡ್ಸಿದ್ರಂತೆ. ಒಂದಾಗಿದ್ದದ್ದು ಒಂದಾಗಿ ಇರಬಾರ್ದು, ಯಾವುದೂ ಯಾವುದಕ್ಕೂ ಅಂಟಬಾರ್ದು ಅಂತ. ಆ ಮನೆ ಒಡೀತು. ಮಾಡ್ಸಿದೋರೂ ಸತ್ರು, ಮಾಡಿದೋನೂ ಸತ್ತ. ಸಾಕು ನಿಲ್ಲು ಅಂತ ಅದಕ್ಕೆ ಹೇಳೋರು ಮಾತ್ರ ಯಾರೂ ಉಳೀಲಿಲ್ಲ.”

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಬಣ್ಣ ಮೊದಲು ಹೋಗತ್ತೆ,” ಎಂದಳು ಅವಳು. “ಆಮೇಲೆ ಗೋಂದು, ಹಲಗೆ, ಅನ್ನ. ಆಮೇಲೆ ಚರ್ಮ. ನಿಮ್ದಲ್ಲ. ನೀವು ಮುಟ್ಟಿದೋರದ್ದು. ನನ್ನ ಗಂಡ ಬಿಟ್ಟು ಓಡಿದ ಅಂತ ಬೀದಿಯೋರೆಲ್ಲ ಅಂತಾರೆ. ಅವನ ಬೆನ್ನು ನೋಡಿದ್ರೆ ಅನ್ತಿರ್ಲಿಲ್ಲ. ಮಗಳಿಗೆ ತಾಗೋಕೆ ಮುಂಚೆ ನಾನೇ ಬಾಯಿಗೆ ಬಂದ ಹಾಗೆ ಬೈದು ಹಾಸ್ಟೆಲಿಗೆ ಅಟ್ಟಿದ್ದೆ.”

“ಇದನ್ನ ಬಿಡಿಸೋದು ಹೇಗೆ? ಸಂಜೆ ನನ್ನ ಹೆಂಡತಿ ಬರ್ತಾ ಇದ್ದಾಳೆ.”

“ಬಿಡಿಸೋಕಾಗಲ್ಲ. ದಾಟಿಸ್ಬೋದು.” ಅವಳು ಇಸ್ತ್ರಿಪೆಟ್ಟಿಗೆಯತ್ತ ನೋಡುತ್ತ ಹೇಳಿದಳು. “ಹೇಳ್ದೆ ದಾಟಲ್ಲ. ಗೋಡೆ ಕೆರೆಯೋಕೆ ಬಂದ ಪೇಂಟರು ಎಷ್ಟೋ ಗುಳ್ಳೆ ಒಡೆದ, ಅವನಿಗೇನೂ ಆಗ್ಲಿಲ್ಲ, ಅವನಿಗೆ ಗೊತ್ತೇ ಇರ್ಲಿಲ್ವಲ್ಲ. ಹೆದರಿ ಒಡೆದ್ರೂ ದಾಟಲ್ಲ. ಹೀಗ್ಹೀಗೆ ಅಂತ ನೀವು ಹೇಳ್ಬೇಕು. ಕೇಳಿದೋರು ನಗಬೇಕು. ನಕ್ಕು, ತಾವಾಗೇ ಒಡೀಬೇಕು. ಅಷ್ಟೇ.”

“ಅಂದ್ರೆ ನೀವು ಎಚ್ಚರಿಕೆ ಕೊಟ್ಟಿದ್ದು…”

“ನಗ್ತೀರಿ ಅಂತಾನೇ ಕೊಟ್ಟೆ.”

ಅವಳು ಅತ್ತಳು. ಅಳುತ್ತಲೇ, ಅಭ್ಯಾಸಬಲದಿಂದ, ಮೇಜಿನ ಮೇಲಿದ್ದ ಅಂಗಿಯ ಮಡಿಕೆಯನ್ನು ಸರಿ ಮಾಡಿದಳು.

“ಮೊದಲು ಕೇಳ್ದೆನಲ್ಲ ಸಾರ್, ಮನೇಲಿ ಯಾರಿದ್ದೀರಿ ಅಂತ. ಯಾರೂ ಇಲ್ಲ ಅಂದ್ರಿ. ಒಬ್ಬಂಟಿ ಮನುಷ್ಯ, ಅವನಿಂದ ಕಿತ್ಕೊಂಡು ಹೋಗೋದಾದ್ರೂ ಏನಿರತ್ತೆ ಅಂದ್ಕೊಂಡೆ. ಒಬ್ರು ಬರೋರಿದ್ದಾರೆ ಅಂದಿದ್ರೆ, ದೇವರಾಣೆ, ಟೀ ಕುಡಿಸಿ ಕಳಿಸ್ಬಿಡ್ತಿದ್ದೆ.”

ಅವನ ನಾಲಿಗೆಯ ಮೇಲೆ ಉಪ್ಪು ಇನ್ನೂ ಇತ್ತು. ‘ಬರೋಳಿದ್ದಾಳೆ.’ ಒಂದೇ ಪದ. ಅದನ್ನು ಆಡಿದ್ದರೆ ಬಾಯಿಯೇನೂ ಸವೆಯುತ್ತಿರಲಿಲ್ಲ.

ಮನೆಗೆ ಬರುವಾಗ ಅವನಿಗಿದ್ದದ್ದು ಒಂದೇ ಗುರಿ: ಸಂಜೆಯೊಳಗೆ ನಗುವವರೊಬ್ಬರನ್ನು ಹುಡುಕಬೇಕು. ತಪ್ಪು ಎಂದು ಗೊತ್ತಿತ್ತು. ಮುಳುಗುವವನು ಹುಲ್ಲುಕಡ್ಡಿಯ ಒಪ್ಪಿಗೆ ಕೇಳುವುದಿಲ್ಲ.

ಕೆಳಗಿನ ಮನೆಯ ವಿಜ್ಞಾನದ ಮೇಷ್ಟ್ರು ನಾಸ್ತಿಕರೆಂದು ಹೆಸರಾದವರು. ದೆವ್ವಗಳಿಗೆ ಸವಾಲು ಹಾಕುವ ಭಾಷಣ ಅವರ ಬಾಯಲ್ಲಿ ಸದಾ ಸಿದ್ಧ. ಅವರನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ, ಮನೆಯ ಗೋಡೆಯ ಗುಳ್ಳೆಯ ವಿಷಯ ಹೇಳಿದ, ಒಡೆದರೆ ಏನಾಗುತ್ತದೆ ಎಂದೂ ಹೇಳಿದ. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ನನಗೆ ನಂಬಿಕೆ ಇಲ್ಲಪ್ಪ, ನಿಂಗೇ ಗೊತ್ತು. ಆದ್ರೆ ಮಗಳ ಮದುವೆ ಗೊತ್ತಾಗಿದೆ. ಈಗ ಯಾಕೆ ಸುಮ್ನೆ?”

ಬಾಗಿಲು ಹಾಕಿಕೊಂಡರು. ಒಳಗಿಂದ ಎರಡು ಚಿಲಕದ ಸದ್ದು ಬಂತು.

ಆಫೀಸಿನಲ್ಲಿ ಎಲ್ಲದಕ್ಕೂ ಕಿಸಿಯುವ ಸಹೋದ್ಯೋಗಿಗೆ ಫೋನ್ ಮಾಡಿದ. ಅವನು ಪೂರ್ತಿ ಕೇಳಿಸಿಕೊಂಡು, ಪಿಸುಗುಟ್ಟಿದ: “ಗುರೂ, ಈ ನಂಬರಿಗೆ ಇನ್ನು ಫೋನ್ ಮಾಡ್ಬೇಡ.” ನಾಸ್ತಿಕರು ಬೇಡವಾದ ದಿನ ಬೀದಿ ತುಂಬ ಇರುತ್ತಾರೆ. ಬೇಕಾದ ದಿನ ಒಬ್ಬನಾದರೂ ಸಿಗಬೇಕಲ್ಲ?

ಕೊನೆಗೆ ವಾಚ್‌ಮನ್. ಹೇಳಿ ಮುಗಿಸುವ ಮುಂಚೆಯೇ ಅವನು ಕೈ ಮುಗಿದು ಹಿಂದೆ ಹಿಂದೆ ಸರಿದ. “ಬೇಡ ಅಣ್ಣಾ, ನಾನು ಬಡವ.” “ನಗಯ್ಯಾ! ಒಂದು ಸಲ ನಗು!” ಎಂದು ಗುಳ್ಳೆ ಡಾಕ್ಟ್ರು ಮಣಿಕಟ್ಟು ಹಿಡಿದ. ಹಿಡಿದ ಕ್ಷಣವೇ ಬಿಟ್ಟ. ತಡವಾಗಿತ್ತು. ವಾಚ್‌ಮನ್ನಿನ ಕೈ ಮೇಲೆ ಬೆರಳುಗಳ ಗುರುತಿನಲ್ಲಿ ಚರ್ಮ ಬೆಳ್ಳಗೆ ಎದ್ದು ನಿಂತಿತು. ಕೈಮೇಲಿನ ಬೊಬ್ಬೆಗೂ ಬಾಯಿಂದ ಬಂದ ಬೊಬ್ಬೆಗೂ ಯಾವುದು ಮೊದಲು ಎಂದು ಹೇಳುವ ಹಾಗಿರಲಿಲ್ಲ.

ಅವನು ಮೆಟ್ಟಿಲು ಹತ್ತಿ ಮನೆ ಸೇರಿ ಬಾಗಿಲು ಹಾಕಿಕೊಂಡ. ಫೋನ್ ತೆಗೆದ. ಅದರ ಗಾಜು ಎದ್ದು ಕೈಯಿಂದ ಜಾರಿತು, ನೆಲಕ್ಕೆ ಬಿತ್ತು, ಕಪ್ಪಾಯಿತು. ಬರಬೇಡ ಎಂದು ಹೇಳುವ ದಾರಿಯೂ ಮುಚ್ಚಿತು. ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಮನೆಯ ಗೋಡೆಗಳೆಲ್ಲ ಒಟ್ಟಿಗೆ ಉಸಿರಾಡುತ್ತಿದ್ದವು. ಅವನು ನಡುಮನೆಯಲ್ಲಿ, ಯಾವುದನ್ನೂ ಮುಟ್ಟದೆ ನಿಂತಿದ್ದ. ಆಗ ತಲೆಯೊಳಗೆ ಒಂದು ಯೋಚನೆ ಎದ್ದಿತು. ಗುಳ್ಳೆಯಂತೆಯೇ, ಸದ್ದಿಲ್ಲದೆ.

ಇಂಥ ಮಾತು ಕೇಳಿ ನಗುವವರು ಇಡೀ ಜಗತ್ತಿನಲ್ಲಿ ಅವನಿಗೆ ಗೊತ್ತಿದ್ದದ್ದು ಒಬ್ಬರೇ. ಈಗ ಬಸ್ಸಿನಲ್ಲಿದ್ದಾರೆ.

ಕರೆಗಂಟೆ ಹೊಡೆಯಿತು.

“ರೀ! ಬಾಗಿಲು ತೆಗೀರಿ. ಕೈಲಿ ಬ್ಯಾಗಿದೆ.”

ಅವನು ಬಾಗಿಲ ಹತ್ತಿರ ಬಂದ. ಬಾಗಿಲ ಬಣ್ಣ ಕೆಳಗಿನಿಂದ ಮೇಲಕ್ಕೆ ಏಳುತ್ತ ಬಂತು.

“ಒಳಗೇ ಇದ್ದೀರಲ್ಲ, ಬಾಗಿಲ ಸಂದೀಲಿ ನೆರಳು ಕಾಣ್ತಿದೆ. ಏನಾಯ್ತು?”

“ಏನಿಲ್ಲ.”

“ಹುಷಾರಿಲ್ವಾ?”

“ಹಾಗೇನಿಲ್ಲ. ನೀನು… ನೀನು ತಂಗಿ ಮನೆಗೆ ವಾಪಸ್ ಹೋಗು.”

ಹೊರಗೆ ಬ್ಯಾಗು ಕೆಳಗಿಟ್ಟ ಸದ್ದು.

“ಒಳಗೆ ಯಾರಾದ್ರೂ ಇದ್ದಾರಾ? ಇದ್ರೆ ಇರ್ಲಿ ಬಿಡಿ, ಪರಿಚಯ ಮಾಡ್ಸಿ. ನೀವು ಮಾತಾಡ್ದೆ ಇದ್ದಾಗ ನಾವಿಬ್ರೂ ಮಾತಾಡ್ಕೋತೀವಿ.”

ತಮಾಷೆ ಮಾಡುತ್ತಿದ್ದಾಳೆ. ಇನ್ನೂ. ಈ ಬಾಗಿಲ ಮುಂದೆ ನಿಂತೂ.

“ಷರತ್ತು ನೆನಪಿದೆಯಾ ರೀ? ಏನಿದ್ರೂ ಹೇಳ್ಬೇಕು ಅಂದಾಗ ಹ್ಞೂಂ ಅಂದಿದ್ರಿ. ಹೇಳಿ. ಎಂಥದೇ ಇರ್ಲಿ ಕೇಳ್ತೀನಿ.”

ಹೇಳಬಹುದಿತ್ತು. ಎರಡು ಮಾತು ಸಾಕು. ಹೀಗ್ಹೀಗೆ, ಒಂದು ಗುಳ್ಳೆ, ಒಂದು ಮಾಟ. ಅವಳು ನಗುತ್ತಾಳೆ. ಖಂಡಿತ ನಗುತ್ತಾಳೆ. ಮೆಟ್ಟಿಲೆಲ್ಲ ಲೋಟಗಳು ಉರುಳುತ್ತವೆ. ನಕ್ಕು ಕೈ ಹಾಕುತ್ತಾಳೆ. ಆಮೇಲೆ ಅವನ ಕೈ ಸ್ವಚ್ಛ, ಅವನ ಅನ್ನ ತುತ್ತಾಗುತ್ತದೆ, ಗೋಡೆ ಕನ್ನಡಿಯಾಗುತ್ತದೆ. ಮಾತಾಡು ಎಂದು ಕೇಳುತ್ತಿರುವವಳು ಅವಳೇ. ಮಾತು ನಾಲಿಗೆಯ ತುದಿಗೆ ಬಂತು. ಉಪ್ಪಾಗಿತ್ತು.

ಹಲ್ಲು ಕಚ್ಚಿದ. ಬಾಗಿಲಿಗೆ ಅಂಗೈ ಒತ್ತಿ ನಿಂತ.

ಹೊರಗೆ ಅವಳು ಒಮ್ಮೆಗೇ ಅಂದಳು, “ಅಯ್ಯೋ, ಇದೇನ್ರೀ! ಬಾಗಿಲು ಉಬ್ತಾ ಇದೆ. ನೋಡ್ತಾ ನೋಡ್ತಾನೇ! ಅಂಗೈಯಷ್ಟು ದೊಡ್ಡದಾಯ್ತು.” ಮತ್ತೆ ನಕ್ಕಳು. ಬುಟ್ಟಿ ಉರುಳಿತು. “ಗುಳ್ಳೆ ಡಾಕ್ಟ್ರ ಮನೆ ಬಾಗ್ಲಿಗೇ ಗುಳ್ಳೆ!”

ಅವನ ಉಸಿರು ನಿಂತಿತು. ನಕ್ಕಳು. ಆದರೆ ಅವಳಿಗೆ ಗೊತ್ತಿಲ್ಲ. ಹೇಳಿಲ್ಲ. ಒಂದಕ್ಷರ ಹೇಳಿಲ್ಲ. ಹೇಳದಿದ್ದರೆ ದಾಟುವುದಿಲ್ಲ. ದಾಟುವುದಿಲ್ಲ ಎಂದಿದ್ದಳು ಇಸ್ತ್ರಿಯ ಹೆಂಗಸು. ನಿಜ ಹೇಳಿದ್ದಳೇ? ಬೇಡ ಎಂದು ಕೂಗಲೇ? ಕೂಗಿದರೆ ಅದೇ ಎಚ್ಚರಿಕೆ. ಬಾಯಿ ಬಿಡಬಾರದು. ಬಾಯಿ ಬಿಡಬಾರದು. ಉಗುರು ಬಣ್ಣಕ್ಕೆ ತಾಗಿದ ಸದ್ದು. ಕೆರೆದ ಸದ್ದು.

ಟಪ್.

ಮರದ ಆ ಕಡೆಯಿಂದ ಬೆರಳಿನ ಒತ್ತು ಅವನ ಅಂಗೈಗೆ ಬಂದು ತಗುಲಿತು. ಅಥವಾ ಹಾಗನ್ನಿಸಿತು.

ಕಾದ. ಗೋಡೆಗಳೂ ಕಾದವು.

ಏನೂ ಆಗಲಿಲ್ಲ. ಅವನ ಸುತ್ತಲಿನ ಒಂದು ಗುಳ್ಳೆಯೂ ಕುಸಿಯಲಿಲ್ಲ. ಎಲ್ಲವೂ ಅವನ ಬಳಿಯೇ ಉಳಿದವು. ಅವನು ಮೆಲ್ಲಗೆ ಉಸಿರು ಬಿಟ್ಟ. ಮನೆಯೆಲ್ಲ ಉಬ್ಬಿತು.

“ಈಗ್ಲೂ ಏನೂ ಹೇಳಲ್ವಾ?” ಅವಳ ಧ್ವನಿಯಲ್ಲಿ ನಗು ಮುಗಿದಿತ್ತು.

ಅವನು ಹ್ಞೂಂ ಎಂದೂ ಅನ್ನಲಿಲ್ಲ.

“ಗೋಡೆ ಜೊತೆ ಸಂಸಾರ ಬೇಡ ಅಂತ ಹೋದೆ. ಮನುಷ್ಯ ಸಿಗ್ತಾನೆ ಅಂತ ಬಂದೆ.” ಬ್ಯಾಗು ಎತ್ತಿಕೊಂಡ ಸದ್ದು. “ಬಾಗಿಲು ಸಿಕ್ತು.”

ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು. ಮಧ್ಯದಲ್ಲಿ ಒಮ್ಮೆ ನಿಂತಿತು. ಅವನು ಕಣ್ಣು ಮುಚ್ಚಿದ. ಮತ್ತೆ ಇಳಿಯಿತು. ಗೇಟು ಕಿರ್ ಎಂದಿತು. ಬೀದಿಯ ಸದ್ದುಗಳಲ್ಲಿ ಆ ಸದ್ದು ಯಾವುದೆಂದು ಗೊತ್ತಾಗದಂತೆ ಸೇರಿಹೋಯಿತು.

ಕತ್ತಲಾಯಿತು. ಅವನು ದೀಪ ಹಾಕಲಿಲ್ಲ. ಅಂಗೈಯನ್ನು ಬಾಗಿಲಿನಿಂದ ತೆಗೆದ. ಸಲೀಸಾಗಿ ಬಂತು. ನೆಲದ ಮೇಲೆ ಕೂತು, ಬಾಗಿಲಿಗೆ ಮುಖ ಮಾಡಿ, ಅವನು ಮಾತಾಡಲು ಶುರು ಮಾಡಿದ. ಇಸ್ತ್ರಿಯ ಹೆಂಗಸು, ಚಾಕು, ಉಪ್ಪು, ತುತ್ತಾಗದ ಅನ್ನ. ಅಲ್ಲಿಂದ ಹಿಂದಕ್ಕೆ ಹೋದ: ಹೇಳದೆ ಬಿಟ್ಟ ಜ್ವರ, ಅಪ್ಪ ಸತ್ತ ದಿನ ಕೈ ನಡುಗುತ್ತಿದ್ದದ್ದು, ಅವಳಿಲ್ಲದ ಊಟದ ಹೊತ್ತು. ಒಂದನ್ನೂ ಬಿಡದೆ, ಬಾಯಿ ತುಂಬ, ಗಂಟಲು ಒಣಗುವ ತನಕ ಹೇಳಿದ.

ಕೇಳಿ ಯಾರೂ ನಗಲಿಲ್ಲ.